ಮಾವನ ಸೊಟ್ಟ ಕತ್ತಿ

ಮೊನ್ನೆ ಮೊಮ್ಮಗ ನನ್ನನ್ನು ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದ. ನನ್ನ ಪ್ರಾಯದಲ್ಲಿ ಅಲ್ಲಿ ಬರೀ ಬಯಲಿತ್ತು, ದನ ಮೇಯುತ್ತಿದ್ದವು. ಎಳೆಯ ಡಾಕ್ಟರೊಬ್ಬಳು ನನ್ನ ಮುಖದ ಮುಂದೆ ಕೈ ಹಿಡಿದು, "ಅಜ್ಜಾರ, ಎಷ್ಟ ಬೆರಳ ಅದಾವ್ರಿ?" ಎಂದಳು. ನನಗೆ ಕಂಡದ್ದು ಒಂದಿಷ್ಟು ಬೆಳ್ಳಗಿನ ಮಬ್ಬು ಮಾತ್ರ. ಆದರೂ ಗತ್ತಿನಿಂದ "ಮೂರು" ಎಂದೆ. ಎರಡಿದ್ದವಂತೆ. ಮೊಮ್ಮಗ ನಕ್ಕ, ಅವಳೂ ನಕ್ಕಳು. ಕಾಣುವುದಿಲ್ಲ ಎಂದು ಒಪ್ಪಿಕೊಳ್ಳಲು ನಾಲಿಗೆ ಏಳಲೇ ಇಲ್ಲ. ಆ ಕುರ್ಚಿಯ ಮೇಲೆ ಕುಳಿತಲ್ಲಿಯೇ ನನಗೆ ನನ್ನ ಮಾವ ನೆನಪಾದ, ಮೈಯೆಲ್ಲ ಉರಿದುಹೋಯಿತು.

ಮಾವ ಎಂದರೆ ನನ್ನ ಹೆಂಡತಿಯ ತಂದೆ ಪರಸಪ್ಪ. ಅವನು ಸತ್ತು ಐವತ್ತು ವರ್ಷದ ಮೇಲಾಯಿತು. ಈಗಲೂ ಅವನ ಹೆಸರಿಗೆ ಬಹುವಚನ ಹಚ್ಚಲು ನನಗೆ ಮನಸ್ಸಿಲ್ಲ. ಎದುರಿಗಿದ್ದಾಗ 'ರೀ' ಹಚ್ಚಿ ಹಚ್ಚಿ ಸಾಕಾಗಿತ್ತು.

ಖಾನಾಪುರದಲ್ಲಿ ಮಲಪ್ರಭೆಯ ಸೇತುವೆ ದಾಟಿದರೆ ರಸ್ತೆಯ ಬದಿಗೆ ಅವನ ಛಪ್ಪರವಿತ್ತು. ಕುದುರೆ, ಗಿಡ್ಡ ತಟ್ಟು, ಎತ್ತುಗಳ ಕಾಲಿಗೆ ನಾಲ, ಅಂದರೆ ಲಾಳ, ಬಡಿಯುವ ಕೆಲಸ. ಅವನಿಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳೇ ಮಗಳು ಗಂಗವ್ವ. ಬೆಳಗಾವಿ ಶಹಾಪುರದಲ್ಲಿ ಬಡತನದ ಮನೆಯಲ್ಲಿ ಹುಟ್ಟಿದ ನಾನು ಅವಳನ್ನು ಮದುವೆಯಾಗಿ ಮನೆಯಳಿಯನಾಗಿ ಬಂದೆ. ಊರೊಳಗೆ ಅಳಿಯಂದಿರನ್ನು ಅತ್ತೆ-ಮಾವಂದಿರು ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಾರೆ. ಬಸಪ್ಪ ಎಂಬ ನನ್ನ ಹೆಸರನ್ನು ಮಾವ ಮಾತ್ರ ಒಂದು ದಿನವೂ ಪೂರ್ತಿ ಹೇಳಲಿಲ್ಲ. "ಬಸ್ಯಾ, ಕಾಲ ಹಿಡಿ." "ಬಸ್ಯಾ, ಇದ್ದಲಿ ತಾ." ಗಿರಾಕಿಗಳ ಎದುರಿಗೂ ಹಾಗೆಯೇ. ಸಾಲೆಗೆ ಹೋಗಿ ನಾಲ್ಕು ಅಕ್ಷರ ಕಲಿತವನು ನಾನು, ಹೆಬ್ಬೆಟ್ಟು ಒತ್ತುವವನು ಅವನು.

ನಮ್ಮ ಕೆಲಸದಲ್ಲಿ ಇಬ್ಬರು ಬೇಕು. ಒಬ್ಬ ಪ್ರಾಣಿಯ ಕಾಲನ್ನು ಮಡಿಸಿ ಎತ್ತಿ ತೊಡೆಯ ಮೇಲೆ ಹಿಡಿದು ನಿಲ್ಲಬೇಕು. ಇನ್ನೊಬ್ಬ ಕುಳಿತು ಬೆಳೆದ ಗೊರಸನ್ನು ಕತ್ತಿಯಿಂದ ಹೆರೆದು, ಸಮ ಮಾಡಿ, ಆಮೇಲೆ ನಾಲ ಕೂಡಿಸಿ ಮೊಳೆ ಹೊಡೆಯಬೇಕು. ಮೊಳೆ ಹೊಡೆಯುವುದನ್ನು ಯಾರಾದರೂ ಕಲಿಯಬಹುದು. ಹೆರೆಯುವುದೇ ವಿದ್ಯೆ. ಮೇಲಿನದು ಸತ್ತ ಗೊರಸು, ನಮ್ಮ ಉಗುರಿನ ತುದಿಯ ಹಾಗೆ, ಕೆಳಗಿನದು ಜೀವ. ನಡುವಿನ ಅಂತರ ಒಂದು ಜೋಳದ ಕಾಳಿನಷ್ಟೂ ಇರುವುದಿಲ್ಲ. ಜೀವಕ್ಕೆ ತಾಗಿದರೆ ಕುದುರೆ ತಿಂಗಳುಗಟ್ಟಲೆ ಕುಂಟುತ್ತದೆ. ಕತ್ತಿ ಹಿಡಿದವನೇ ಯಜಮಾನ, ಕಾಲು ಹಿಡಿದವನು ಆಳು. ಐದು ವರ್ಷ ನಾನು ಕಾಲು ಹಿಡಿದೆ. ಒದೆ ತಿಂದ ಗುರುತು ಎಡ ಮೊಣಕಾಲಿನ ಮೇಲೆ ಇನ್ನೂ ಇದೆ.

ಕತ್ತಿ ಕೇಳಿದಾಗಲೆಲ್ಲ ಮಾವನ ಉತ್ತರ ಒಂದೇ. "ನಿನ್ನ ಕೈಯಾಗ ಇನ್ನೂ ಕಿವಿ ಬಂದಿಲ್ಲ."

ಕೈಗೆ ಕಿವಿ ಬರುವುದೆಂದರೇನು ಎಂದು ಅವನು ವಿವರಿಸಲಿಲ್ಲ, ನಾನೂ ಕೇಳಲಿಲ್ಲ. ಮುದುಕನಿಗೆ ಸೊಕ್ಕು ಅಂದುಕೊಂಡೆ. ದಾರಿಯಲ್ಲಿ ಯಾರಾದರೂ ಕೈಮುಗಿದರೆ ತಿರುಗಿ ಮುಗಿಯುತ್ತಿರಲಿಲ್ಲ. ಮಾತಾಡುವಾಗ ನನ್ನ ಮುಖ ಸಹ ನೋಡುತ್ತಿರಲಿಲ್ಲ, ನನ್ನ ಹೆಗಲ ಆಚೆ ಎಲ್ಲೋ ನೋಡುತ್ತಿದ್ದ. ಇಷ್ಟು ತಾತ್ಸಾರ ಯಾರೂ ಯಾರಿಗೂ ಮಾಡಬಾರದು ಎಂದು ಹಲ್ಲು ಕಡಿಯುತ್ತಿದ್ದೆ.

ಅವನ ಕತ್ತಿಯ ಮೇಲೂ ನನಗೆ ಅಷ್ಟೇ ಸಿಟ್ಟು. ಮೊದಲು ಅಂಗೈ ಅಗಲ ಇತ್ತಂತೆ; ಇಪ್ಪತ್ತು ವರ್ಷ ಮಸೆದೂ ಮಸೆದೂ ಎರಡು ಬೆರಳಿನಷ್ಟು ಉಳಿದಿತ್ತು. ನಡುವೆ ಹೊಟ್ಟೆ ಒಳಗೆ ಹೋಗಿತ್ತು, ತುದಿ ಎಡಕ್ಕೆ ತಿರುಚಿಕೊಂಡಿತ್ತು. ಬೀಟೆಯ ಹಿಡಿಯ ಮೇಲೆ ಅವನ ಹೆಬ್ಬೆರಳಿನ ಗುಂಡಿ ಬಿದ್ದಿತ್ತು. ಅವನಿಲ್ಲದಾಗ ಒಮ್ಮೆ ಕದ್ದು ಹಿಡಿದು ನೋಡಿದ್ದೆ. ನನ್ನ ಕೈಯಲ್ಲಿ ಅದು ಗೊರಸಿನ ಮೇಲೆ ಜಾರಿ ಜಾರಿ ಹೋಯಿತು, ಏನು ಮಾಡಿದರೂ ಕಚ್ಚಲಿಲ್ಲ.

ಆ ವರ್ಷ, ಇಪ್ಪತ್ತರ ದಶಕದ ನಡುವಿನ ವರ್ಷ ಅದು, ಖಾನಾಪುರದಲ್ಲಿ ಮಳೆ ಬಿಡುವ ಮಾತೇ ಇರಲಿಲ್ಲ. ಆಷಾಢದಲ್ಲಿ ಹಿಡಿದದ್ದು ಭಾದ್ರಪದ ಮುಗಿದರೂ ಸುರಿಯುತ್ತಿತ್ತು. ಅಡವಿಯ ಕಟ್ಟಿಗೆ ಬಂಡಿಗಳು ನಿಂತಿದ್ದವು. ಕೆಸರಲ್ಲಿ ನಿಂತ ಪ್ರಾಣಿಗಳ ಗೊರಸು ಸವೆಯದೆ ಬೆಳೆದು ಅಗಲವಾಗಿ ಹರಡಿಕೊಂಡಿದ್ದವು. ದಸರೆ ಮುಗಿದು ದಾರಿ ಒಣಗಿತೆಂದರೆ ಎಲ್ಲರೂ ಒಮ್ಮೆಲೆ ನಮ್ಮ ಛಪ್ಪರಕ್ಕೆ ಬರುತ್ತಾರೆ. ಮುಂದಿನ ಮೂರು ತಿಂಗಳು ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಆ ಹೊತ್ತಿಗೆ ಸರಿಯಾಗಿ ಮಾವನ ಕತ್ತಿಯ ಬಾಯಿ ಒಂದು ಕಡೆ ಸಿಡಿಯಿತು. ಇನ್ನು ಮಸೆದರೆ ಉಳಿಯುವುದು ಹಿಡಿ ಮಾತ್ರ.

"ಹೊಸಾದ ತಗೋರಿ. ಬೆಳಗಾವಿ ದಂಡಿನ ಕ್ಯಾಂಪಿನ್ಯಾಗ ವಿಲಾಯ್ತಿ ಕತ್ತಿ ಸಿಗತಾವು" ಎಂದೆ.

"ನಿನಗ ಬೇಕಾದ್ರ ನೀ ತಗೋ, ನಿನ್ನ ಕೈ ಕೊಯ್ಕೋ" ಎಂದ ಮಾವ. ಆಮೇಲೆ ಕತ್ತಿಯನ್ನು ಹಳೆ ರುಮಾಲಿನ ಚೂರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಶಹಾಪುರದ ಕಂಬಾರ ಈರಪ್ಪನ ಕಡೆ ಒಯ್ಯಿ. ಬಾಯಿಗೆ ಅಷ್ಟ ಉಕ್ಕ ಕೂಡಿಸಿ ಬಡದ ಕೊಡು ಅಂತ ಹೇಳು. ಸೊಟ್ಟ ಮುಟ್ಟಬ್ಯಾಡ ಅನ್ನು. ತಿಳೀತೇನ? ಸೊಟ್ಟ ಹೆಂಗೈತಿ ಹಂಗ ಇರಬೇಕು" ಎಂದ.

"ತಿಳೀತ್ರಿ" ಎಂದೆ.

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಬೆಳಿಗ್ಗೆ ರೈಲು ಹತ್ತಿ ಬೆಳಗಾವಿಗೆ ಹೋದೆ. ಈರಪ್ಪನ ಕುಲುಮೆಯಲ್ಲಿ ಹಬ್ಬದ ಗದ್ದಲ. ಕುಡಗೋಲು, ಕೊಡಲಿ, ಕುಳ ರಾಶಿ ಬಿದ್ದಿದ್ದವು. ಅವನು ನಮ್ಮ ಕತ್ತಿಯನ್ನು ತಿರುಗಿಸಿ ನೋಡಿ ನಕ್ಕ. "ಇದೇನ ಕತ್ತ್ಯೋ, ಕುದುರಿ ಪಕ್ಕೆಲುವೋ?" ಎಂದ. ಸುತ್ತ ಕುಳಿತವರೂ ನಕ್ಕರು. ನನಗೆ ನಾಚಿಕೆಯಾಯಿತು. ಅವನು ಒಂದು ಹಳೆಯ ಅರವನ್ನು ಕೆಂಪಗೆ ಕಾಯಿಸಿ, ಕಡಿದು, ಕತ್ತಿಯ ಬಾಯಿಗೆ ಬೆಸೆದ. ಆಮೇಲೆ ಇಕ್ಕಳದಲ್ಲಿ ಹಿಡಿದು ನನ್ನ ಕಡೆ ತಿರುಗಿ ಕೇಳಿದ: "ಈ ಸೊಟ್ಟ ಇರಲ್ಯೋ, ತಗೀಲ್ಯೋ?"

ಈಗಲೂ ಆ ಗಳಿಗೆ ನನ್ನ ಕಣ್ಣ ಮುಂದಿದೆ, ಅದನ್ನು ನೋಡಲು ಕಣ್ಣು ಬೇಕಾಗಿಲ್ಲ. ಮಾವನ ಮಾತು ನನಗೆ ಮರೆತಿರಲಿಲ್ಲ. ನೆಟ್ಟಗಿನ ಕತ್ತಿಯಾದರೆ ನನ್ನ ಕೈಗೂ ಕೂಡುತ್ತದೆ ಎಂಬ ಆಸೆ ಒಂದು. ಇವನ ಹಟ ಒಮ್ಮೆ ಮುರಿಯಲಿ ಎಂಬ ದ್ವೇಷ ಇನ್ನೊಂದು. ದ್ವೇಷವೇ ಹೆಚ್ಚಿತ್ತು ಎಂದು ಈಗ ಹೇಳಬಲ್ಲೆ.

"ತಗಿ" ಎಂದೆ.

ಈರಪ್ಪ ನಾಲ್ಕು ಪೆಟ್ಟಿಗೆ ಅದನ್ನು ನೆಟ್ಟಗೆ ಮಾಡಿ, ಅಗಲಕ್ಕೆ ಬಡಿದು, ನೀರಿನಲ್ಲಿ ಅದ್ದಿ ಹದ ಕೊಟ್ಟ. ಮಸೆದ ಮೇಲೆ ಮುಂಗೈ ರೋಮ ಬೋಳಿಸುವಷ್ಟು ಹರಿತವಾಗಿತ್ತು. ಹಿಡಿ ಮಾತ್ರ ಅದೇ ಹಳೆಯದು.

ಸಂಜೆ ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಕುಳಿತಿದ್ದ. "ಉಕ್ಕ ಕೂಡಿಸಿದ್ನೋ?" ಎಂದ. "ಹ್ಞೂನ್ರಿ" ಎಂದು ನಿಲ್ಲದೆ ಒಳಗೆ ಹೋಗಿ, ಗಂಟನ್ನು ಬಿಚ್ಚದೆ ಗಂಗವ್ವನ ಕೈಗೆ ಕೊಟ್ಟು, "ಮಣಿ ಮ್ಯಾಲ ಇಡು" ಎಂದೆ. ಹಬ್ಬದ ಮಣೆಯ ಮೇಲೆ ಒಮ್ಮೆ ಇಟ್ಟರೆ ಆಯಿತು. ದಶಮಿಯ ಬೆಳಗಿನವರೆಗೆ ಆ ಸಾಮಾನುಗಳನ್ನು ಯಾರೂ ಮುಟ್ಟುವ ಹಾಗಿಲ್ಲ. ಅವನ ಕೈಗೆ ಅದು ಸಿಗಬಾರದೆಂದೇ ಹಾಗೆ ಮಾಡಿದೆ. ಹಬ್ಬದ ದಿನ ಬೈಗುಳ ತಿನ್ನುವ ಮನಸ್ಸಿರಲಿಲ್ಲ, ಅಷ್ಟೇ. ನವಮಿಯ ದಿನ ಸುತ್ತಿಗೆ, ಇಕ್ಕಳ, ಅರ, ಹಗ್ಗ ಎಲ್ಲಕ್ಕೂ ಚೆಂಡುಹೂ ಏರಿಸಿ, ಪೂಜೆ ಮಾಡಿದೆವು. ಕತ್ತಿಯ ಗಂಟನ್ನು ನಾನೇ ಬಿಚ್ಚಿ, ಗಂಗವ್ವನಿಗೆ ಆಕಾರ ಕಾಣದಂತೆ ಮೈತುಂಬ ಭಂಡಾರದ ಅರಿಷಿಣ, ಕುಂಕುಮ ಬಳಿದು ಹೂವಿನಲ್ಲಿ ಮುಚ್ಚಿದೆ. ದಶಮಿಯ ಮೊದಲ ಹೆರೆತ ಆ ಕುಂಕುಮವನ್ನು ಒರೆಸದೆ ಮಾಡಬೇಕು, ಅದು ಮಾವನ ಮನೆತನದ ಪದ್ಧತಿ.

ದಶಮಿ ಬೆಳಿಗ್ಗೆ ಮೊದಲು ಬಂದದ್ದು ಕಟ್ಟಿಗೆ ಗುತ್ತಿಗೆಯ ಮಾರುತಿರಾವನ ಬಿಳಿ ಕುದುರೆ. ಆ ಸೀಮೆಯ ಬಂಡಿಗಳಲ್ಲಿ ಅರ್ಧ ಅವನವು. ಅವನು ಬಂದರೆ ಉಳಿದವರು ಹಿಂದೆ ಬರುತ್ತಾರೆ. ಹತ್ತು ಹದಿನೈದು ಜನ ನಿಂತಿದ್ದರು. ನಾನು ಮುಂಗಾಲು ಮಡಿಸಿ ಹಿಡಿದೆ. ಮಾವ ಕತ್ತಿಯನ್ನು ಹಣೆಗೆ ಮುಟ್ಟಿಸಿ, ಎಡಗೈ ಬೆರಳುಗಳಿಂದ ಗೊರಸನ್ನು ತಡವಿ, ಇಪ್ಪತ್ತು ವರ್ಷ ಹೇಗೆ ನೂಕಿದ್ದನೋ ಹಾಗೆಯೇ ನೂಕಿದ.

ಮೊದಲ ಪರೆ ಅಗಲವಾಗಿ, ದಪ್ಪವಾಗಿ ಎದ್ದಿತು. ಮಾವನ ಹುಬ್ಬು ಒಮ್ಮೆ ಏರಿತು. ಕೈ ನಿಲ್ಲಲಿಲ್ಲ, ರೂಢಿಯ ಕೈ. ಎರಡನೆಯದಕ್ಕೆ ರಕ್ತ ಬಂತು.

ಕುದುರೆ ಎಗರಿ ನನ್ನನ್ನು ಗೂಟದ ಮೇಲೆ ಒಗೆಯಿತು. ನಾನು ಎದ್ದು ನೋಡುವಷ್ಟರಲ್ಲಿ ಮಾವ ಕುಳಿತಲ್ಲಿಯೇ ಕುಳಿತಿದ್ದ. ಕತ್ತಿಯ ಮೇಲಿನ ತೇವವನ್ನು ಬೆರಳಿಂದ ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ಒಯ್ದು ಮೂಸಿದ. ಅಷ್ಟು ಬೆಳಕಿನಲ್ಲಿ, ಅಷ್ಟು ಕೆಂಪಗಿದ್ದ ರಕ್ತವನ್ನು ಅವನು ಮೂಸಿ ತಿಳಿದುಕೊಂಡ. ನಿಂತವರೆಲ್ಲ ಅದನ್ನು ನೋಡಿದರು.

"ಆಂಧಳಾ!" ಎಂದು ಮಾರುತಿರಾವ ಮರಾಠಿಯಲ್ಲಿ ಒದರಿದ. "ಕುರುಡ ಅದಾನ ಈ ಮುದುಕ! ಕುರುಡನ ಕೈಯಾಗ ನನ್ನ ಕುದರಿ ಕೊಟ್ಟೇನಿ!"

ಗಂಗವ್ವ ಓಡಿಬಂದು ಅರಿಷಿಣ, ಬೇವಿನ ಎಣ್ಣೆ ಹಚ್ಚಿ ಗೊರಸು ಕಟ್ಟಿದಳು. ಜನ ತಮ್ಮ ತಮ್ಮ ಪ್ರಾಣಿಗಳ ಹಗ್ಗ ಬಿಚ್ಚಿಕೊಂಡು ಹೋದರು. ಆಗ ಮಾವ ಕತ್ತಿಯ ಬೆನ್ನಿನ ಮೇಲೆ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಒಯ್ದು, ಇನ್ನೊಮ್ಮೆ ಒಯ್ದು, "ಸೊಟ್ಟ ಎಲ್ಲಿ ಹೋತೋ?" ಎಂದ.

"ಕಂಬಾರ ತಗದಾನ್ರಿ."

"ನಾ ಹೇಳಿದ್ದ ಅವಗ ಹೇಳಿದಿಲ್ಲೋ?"

"ಹೇಳಿದ್ನಿರಿ. ಅಂವ ಕೇಳಲಿಲ್ಲ."

ಆ ಸಂಜೆ ನಮ್ಮ ಮನೆಗೆ ದಸರೆಯ ಬನ್ನಿ ಎಲೆ ಕೊಡಲು ಯಾರೂ ಬರಲಿಲ್ಲ. ಹೋಳಿಗೆ ಹಾಗೆಯೇ ಉಳಿಯಿತು. ಒಲೆಯ ಮುಂದೆ ಗಂಗವ್ವ ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. "ಮೂರ ವರ್ಷದಿಂದ ಅಪ್ಪಗ ಕಣ್ಣ ಕಾಣೂದಿಲ್ಲ. ಬೆಳಕ ಕತ್ತಲಿ ಅಷ್ಟ ಗೊತ್ತಾಗತೈತಿ. ದಿನಾ ಬಾಜುಕ ನಿಂತ ಕಾಲ ಹಿಡಿಯಾವರು ನೀವು, ನಿಮಗ ತಿಳೀಲಿಲ್ಲೇನು?"

"ನೀ ಯಾಕ ಹೇಳಲಿಲ್ಲ?"

"ಹೇಳಿದ್ರ ಮರುದಿನಾನ ಕತ್ತಿ ಕಸಗೋತಿದ್ರಿ."

ಅದು ಖರೇ ಆಗಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಅವಳಿಂದಲೇ ತಿಳಿದೆ: ಕತ್ತಿಯ ಹೊಟ್ಟೆ ಒಳಗೆ ಹೋಗಿದ್ದರಿಂದ, ಎಷ್ಟು ನೂಕಿದರೂ ಅದು ಸತ್ತ ಪದರದ ಕೆಳಗೆ ಇಳಿಯುತ್ತಿರಲಿಲ್ಲ, ತುದಿಯ ತಿರುವು ಗೊರಸಿನ ಅಂಚನ್ನು ಹಿಡಿದುಕೊಂಡು ದಾರಿ ತೋರಿಸುತ್ತಿತ್ತು. ಕಣ್ಣು ಹೋಗುತ್ತಿದ್ದ ಹಾಗೆ ಅವನು ಬೇಕೆಂದೇ ಹಾಗೆ ಮಸೆದುಕೊಂಡಿದ್ದ. ನಾನು ಮಾವನ ಸೊಟ್ಟ ತೆಗೆಸಿದೆ ಅಂದುಕೊಂಡಿದ್ದೆ, ತೆಗೆಸಿದ್ದು ಅವನ ಉಳಿದಿದ್ದ ಕಣ್ಣನ್ನು.

ಇಷ್ಟು ತಿಳಿದ ಮೇಲೆ ಒಳ್ಳೆಯ ಮನುಷ್ಯ ಕಾಲು ಹಿಡಿದುಕೊಳ್ಳುತ್ತಿದ್ದ. ನಾನು ಹಾಗೆ ಮಾಡಲಿಲ್ಲ. ಮೂರು ವರ್ಷ ಕಣ್ಣಿಲ್ಲದವನಿಗೆ ನಾನು ಆಳಾಗಿ ದುಡಿದೆನಲ್ಲ ಎಂದು ಉರಿದುಕೊಂಡೆ.

ನಾಲ್ಕನೆಯ ದಿನ ಮಾವ ಮಗಳ ಹೆಗಲು ಹಿಡಿದುಕೊಂಡು ರೈಲಿನಲ್ಲಿ ಶಹಾಪುರಕ್ಕೆ ಹೋದ, ಈರಪ್ಪನಿಗೆ ದಬಾಯಿಸಲು. ಸಂಜೆ ತಿರುಗಿ ಬಂದವನು ನೆಟ್ಟಗೆ ಛಪ್ಪರಕ್ಕೆ ಬಂದು, ನನ್ನ ಉಸಿರು ಕೇಳುವಷ್ಟು ಹತ್ತಿರ ನಿಂತ. ಈರಪ್ಪ ಎಲ್ಲ ಹೇಳಿದ್ದಾನೆಂದು ಅವನ ಮುಖದಿಂದಲೇ ತಿಳಿಯಿತು. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಕತ್ತಿಯನ್ನು ನನ್ನ ಕಾಲ ಹತ್ತಿರ ನೆಲಕ್ಕೆ ಒಗೆದು, "ತಗೋ. ಇದಕ್ಕ ಮಾಡಿದ್ಯಲ್ಲ" ಎಂದ. ನಾನು ಬಾಗಿ ಎತ್ತಿಕೊಂಡೆ.

ಮರುದಿನದಿಂದ ನಾನು ಕುಳಿತೆ, ಅವನು ನಿಂತ. ಅರವತ್ತು ದಾಟಿದ ಮುದುಕ ಕುದುರೆಯ ಕಾಲು ಮಡಿಸಿ ತೊಡೆಯ ಮೇಲೆ ಹಿಡಿಯುತ್ತಿದ್ದ. ಪ್ರಾಣಿಗಳು ನನ್ನ ಕೈಯಲ್ಲಿ ಎಗರಿದ ಹಾಗೆ ಅವನ ಕೈಯಲ್ಲಿ ಎಗರುತ್ತಿರಲಿಲ್ಲ. ಮುದುಕ ಕತ್ತಿ ಬಿಟ್ಟನಂತೆ ಎಂಬ ಸುದ್ದಿ ಹಬ್ಬಿ, ಹೋದ ಜನ ಮೆಲ್ಲಗೆ ತಿರುಗಿ ಬಂದರು. ಮಾವ ನನ್ನ ಜೊತೆ ಊಟಕ್ಕೆ ಕೂಡುವುದನ್ನು ಬಿಟ್ಟ. ಬಸ್ಯಾ ಎನ್ನುವುದನ್ನೂ ಬಿಟ್ಟ. ಇಡೀ ದಿನಕ್ಕೆ ಅವನ ಬಾಯಿಂದ ನನ್ನ ಕಡೆ ಬರುತ್ತಿದ್ದದ್ದು ಒಂದೇ ಮಾತು.

"ಸಾಕು."

ಒಣ ಗೊರಸನ್ನು ಹೆರೆಯುವಾಗ ಒಂದು ಸಪ್ಪಳ ಬರುತ್ತದೆ, ಜೀವದ ಹತ್ತಿರ ಹೋದಂತೆ ಅದು ಮೆತ್ತಗಾಗುತ್ತದೆ. ನನಗೆ ಆ ವ್ಯತ್ಯಾಸ ಕೇಳುತ್ತಿರಲಿಲ್ಲ. ಅವನಿಗೆ ಕೇಳುತ್ತಿತ್ತು. ತೊಡೆಯ ಮೇಲಿದ್ದ ಗೊರಸಿನ ನಡುಕದಿಂದಲೂ ತಿಳಿಯುತ್ತಿತ್ತೇನೋ. ಎಲ್ಲಿ ನಿಲ್ಲಬೇಕೋ ಸರಿಯಾಗಿ ಅಲ್ಲಿ "ಸಾಕು" ಅನ್ನುತ್ತಿದ್ದ, ನಾನು ನಿಲ್ಲಿಸುತ್ತಿದ್ದೆ. ಮೂರು ತಿಂಗಳು ಒಂದು ಹನಿ ರಕ್ತ ಬರಲಿಲ್ಲ. ಗಿರಾಕಿಗಳಿಗೂ ಗುಟ್ಟು ತಿಳಿದುಹೋಯಿತು. ನನ್ನ ಕೈಯನ್ನು ನೋಡುವುದನ್ನು ಬಿಟ್ಟು ಮುದುಕನ ಬಾಯನ್ನು ನೋಡುತ್ತ ನಿಲ್ಲುತ್ತಿದ್ದರು. ಕತ್ತಿ ನನ್ನದು, ಕೂಡುವ ಜಾಗ ನನ್ನದು, ಆದರೂ ನಾನು ಆಳೇ ಆಗಿದ್ದೆ. ಆ ಮಾತು ಕೇಳಿದಾಗಲೆಲ್ಲ ಸುತ್ತಿಗೆ ಎತ್ತಿ ಒಗೆಯಬೇಕು ಅನ್ನಿಸುತ್ತಿತ್ತು.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಮಾರುತಿರಾವನ ಬಿಳಿ ಕುದುರೆ ಮತ್ತೆ ಬಂತು. ಗೊರಸು ಬೆಳೆದು ಮೊದಲಿನಂತಾಗಿತ್ತು. ಅವನು ಬೇಲಿಯ ಹತ್ತಿರವೇ ನಿಂತು, "ಬಸಪ್ಪಾ, ಈ ಸಲ ನಿನ್ನ ನಂಬಿ ತಂದೇನಿ ನೋಡ" ಎಂದ. ಆ ಮಾತಿಗೆ ನನ್ನ ಎದೆ ಉಬ್ಬಿತು. ಮಾವ ಕಾಲು ಮಡಿಸಿ ಹಿಡಿದ. ನಾನು ಹೆರೆಯತೊಡಗಿದೆ. ಒಂದು ಪರೆ, ಎರಡು, ಮೂರು.

"ಸಾಕು" ಎಂದ ಮಾವ.

ಎಲ್ಲರ ಎದುರಿಗೆ ಎಂದಿನ ಹಾಗೆ ಎಂದ. ಮಾರುತಿರಾವ ಅವನ ಬಾಯನ್ನೇ ನೋಡುತ್ತಿದ್ದ. ಕತ್ತಿ ಯಾರ ಕೈಯಲ್ಲಿದೆ ಎಂದು ಇವತ್ತು ತೋರಿಸಿಬಿಡುತ್ತೇನೆ ಅಂದುಕೊಂಡು ಇನ್ನೊಂದು ಸಲ ನೂಕಿದೆ.

ರಕ್ತ ಬಂತು. ಕುದುರೆ ಮೈ ಝಾಡಿಸಿತು. ಮಾವ ಅದರ ಕಾಲನ್ನು ಬಿಡದೆ, ಒರಗಿಕೊಂಡು ತಡೆದು, ಮೆಲ್ಲಗೆ ನೆಲಕ್ಕೆ ಇಳಿಸಿದ. ಮಾರುತಿರಾವ ಧಾವಿಸಿ ಬರುವಷ್ಟರಲ್ಲಿ ಮಾವನೇ ಮುಂದೆ ಹೋಗಿ, "ಕಾಲ ನನ್ನ ಕೈಯಾಗಿತ್ತರಿ, ಸಾವ್ಕಾರ. ಕೈ ಸಡಲಾತು. ಅವನ ತಪ್ಪಿಲ್ಲ" ಎಂದ.

ಮಾರುತಿರಾವ ಚಾಬೂಕು ಎತ್ತಿ ಮುದುಕನ ಹೆಗಲಿಗೆ ಬಾರಿಸಿದ. ರುಮಾಲು ಬಿಚ್ಚಿ ಧೂಳಿಗೆ ಬಿತ್ತು. ಇನ್ನೊಂದು ಬಾರಿಸಿದ. ಮಾವ ಕೈ ಅಡ್ಡ ತರಲಿಲ್ಲ, ಎಲ್ಲಿಂದ ಏಟು ಬರುತ್ತದೆಂದು ಅವನಿಗೆ ಕಾಣುತ್ತಲೂ ಇರಲಿಲ್ಲ. ನಾನು ಕತ್ತಿ ಹಿಡಿದುಕೊಂಡು ಮೂರು ಮಾರು ದೂರ ನಿಂತಿದ್ದೆ. ಒಂದೇ ಮಾತು ಸಾಕಿತ್ತು. ಬಾಯಿ ತೆರೆಯಲಿಲ್ಲ.

"ಈ ಮುದುಕನ್ನ ಮನ್ಯಾಗ ಕುಂಡ್ರಸ, ಬಸಪ್ಪಾ. ನಿನ್ನ ಹೆಸರ ಕೆಡಸ್ತಾನ" ಎಂದ ಮಾರುತಿರಾವ.

"ಹ್ಞೂನ್ರಿ" ಎಂದೆ. ಹಾಗೆಂದೆ ನಾನು.

ಅವನು ಹೋದ ಮೇಲೆ ಮಾವ ನೆಲ ತಡವುತ್ತ ರುಮಾಲು ಹುಡುಕುತ್ತಿದ್ದ. ಎತ್ತಿ ಕೊಡಲು ಹೋದೆ. ಕಸಿದುಕೊಂಡ.

"ಯಾಕ ಹಂಗ ಹೇಳಿದ್ರಿ, ಮಾವಾ?" ಎಂದೆ.

"ನಿನ್ನ ಸಲುವಾಗಿ ಅಂತ ತಿಳಕೋಬ್ಯಾಡ" ಎಂದ. ಧ್ವನಿಯಲ್ಲಿ ಒಂದಿಷ್ಟೂ ಮೆತ್ತಗಿರಲಿಲ್ಲ. "ಕಾಲ ಹಿಡಿಯಾವಗ ಕೆಟ್ಟ ಹೆಸರ ಬಂದ್ರ ನಡೀತೈತಿ. ಕತ್ತಿ ಹಿಡಿಯಾವಗ ಬಂತಂದ್ರ ಈ ಛಪ್ಪರಕ್ಕ ಇನ್ನ ಯಾರೂ ಬರೂದಿಲ್ಲ. ನನ್ನ ಮಗಳ ಬಸರದಾಳ. ಆಕಿ ಉಣ್ಣಬೇಕು."

ಅಷ್ಟರಲ್ಲಿ ಘಟ್ಟದ ಕಡೆಗೆ ಹೇರು ಒಯ್ಯುವವನೊಬ್ಬ ತನ್ನ ತಟ್ಟುವನ್ನು ತಂದು ನಿಲ್ಲಿಸಿದ. ಮಾವ ರುಮಾಲು ಸುತ್ತಿಕೊಂಡು, ಹೆಗಲು ಒಮ್ಮೆ ಅಲ್ಲಾಡಿಸಿ, ಬಾಗಿ ಅದರ ಕಾಲು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ನಾನು ಎದುರಿಗೆ ಕುಳಿತೆ. ಒಂದು ಪರೆ ತೆಗೆದೆ, ಎರಡು ತೆಗೆದೆ. ಮೂರನೆಯದಕ್ಕೆ ಕತ್ತಿ ಊರಿ ಕಾದೆ. ಮಾವನ ಬಾಯಿಂದ ಮಾತು ಬರಲಿಲ್ಲ. ಕಿವಿಗೊಟ್ಟೆ, ನನಗೆ ಏನೂ ಕೇಳಲಿಲ್ಲ.

"ಮಾವಾ, ಸಾಕ್ರೇನು?" ಎಂದೆ.

ಅವನು ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡೇ ಮುಖವನ್ನು ಆಚೆ ತಿರುಗಿಸಿದ. ಮುಂದೆ ಅವನು ಒಂಬತ್ತು ವರ್ಷ ಬದುಕಿ, ಕೈಲಾಗುವವರೆಗೆ ನನಗೆ ಕಾಲು ಹಿಡಿದುಕೊಟ್ಟ. ಆ ಮಾತನ್ನು ಮಾತ್ರ ಮತ್ತೆ ಹೇಳಲಿಲ್ಲ.